ನಿಮ್ಮ ಕಡೆ ರೈತರ ಕಷ್ಟ ಯಾವ ವರ್ಷದಿಂದ ಶುರು? ಊರು, ಬೆಳೆ ಹಾಕಿ ಬರೆಯಿರಿ

ಕೆರೆಕೋಡಿ_ಮುಳಬಾಗಿಲು

ಟಿವಿಯಲ್ಲಿ ರೈತರ ಸಮಸ್ಯೆ ಅಂತ ಚರ್ಚೆ ಶುರುವಾದರೆ ಮಳೆ ಇಲ್ಲ, ಬೆಲೆ ಇಲ್ಲ, ಸಾಲ, ಇಷ್ಟರಲ್ಲೇ ಮುಗಿಯುತ್ತದೆ. ನಮ್ಮ ಮುಳಬಾಗಿಲಿನ ಕಷ್ಟ ಬೇರೆ, ಶೃಂಗೇರಿಯದ್ದು ಬೇರೆ, ಸಿಂಧನೂರಿನದ್ದು ಬೇರೆ ಅಲ್ವಾ? ಅದಕ್ಕೇ ಈ ಪ್ರಶ್ನೆ. ನಿಮ್ಮ ಊರಲ್ಲಿ ಈಗಿರುವ ಕಷ್ಟ ಯಾವಾಗ ಶುರುವಾಯಿತು? ಅಂದಾಜಿಗೆ ವರ್ಷ ಹೇಳಿ, ಬೆಳೆ ಹೇಳಿ. "ಕಲಿಗಾಲ ಬಂದಾಗಿನಿಂದ" ಅನ್ನುವ ಉತ್ತರ ಬೇಡ.

ನಮ್ಮದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಪಾಲಾರ್ ಹೆಸರಿಗೆ ನದಿ, ಹರಿದರೆ ಪೇಪರಿನಲ್ಲಿ ಸುದ್ದಿ. ಹಾಗಾಗಿ ಹಿಂದಿನವರು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಅದು ಕೋಡಿ ಬಿದ್ದರೆ ಅದರ ಕೆಳಗಿನದಕ್ಕೆ. ಕೆರೆ ಕೆಳಗೆ ಗದ್ದೆ, ಮೇಲೆ ಹೊಲದಲ್ಲಿ ರಾಗಿ, ಅವರೆ. ಬಾವಿ ಇದ್ದವರಿಗೆ ಕಪಿಲೆ. ಎತ್ತು ಇಳಿಜಾರಿನಲ್ಲಿ ಕೆಳಗೆ ನಡೆದರೆ ತೊಗಲ ಬಾನಿ ಮೇಲೆ ಬರಬೇಕು. ಎತ್ತಿಗೆ ಸುಸ್ತಾದರೆ ಅವತ್ತಿನ ನೀರು ಮುಗಿಯಿತು.

ಆಮೇಲೆ ಪಂಪ್‌ಸೆಟ್ ಬಂತು. ಪಂಪಿಗೆ ಸುಸ್ತು ಅನ್ನುವುದೇ ಇಲ್ಲ. ಬಾವಿ ತಳ ಕಂಡಿತು. ಬಾವಿಯೊಳಗೇ ಬೋರ್ ಇಳಿಸಿದರು. ಅದೂ ಬತ್ತಿದ ಮೇಲೆ ಹೊಲದ ನಡುವೆ ಬೋರ್. ಎಂಬತ್ತರ ದಶಕದಲ್ಲಿ 200–300 ಅಡಿಗೆ ಸಿಕ್ಕ ನೀರು ಈಗ 1200, 1500 ಅಡಿ. ಅಷ್ಟು ಕೊರೆಸಿದರೂ ಬರೀ ಬಿಳಿ ಧೂಳು ಬರುವುದು ಇದೆ. ಲಾರಿ ಬರುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರನ್ನು ಕರೆಸುತ್ತೇವೆ. ನಂಬಿಕೆ ಇದೆ ಅಂತಲ್ಲ. ಮನೆಯಲ್ಲಿ ಕೇಳುತ್ತಾರೆ ಅಂತ.

ಇದರ ಜೊತೆಗೆ ಖಾಲಿ ಜಮೀನಿಗೆಲ್ಲ ನೀಲಗಿರಿ ಹಾಕಿದರು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡುವ ಹೊತ್ತಿಗೆ ಕೆರೆಯಂಗಳದವರೆಗೂ ಬಂದಿತ್ತು.

ಬೆಳೆ ಟೊಮೆಟೊ. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಹಾಕಿದ್ದರು. ಅದೇ ಟೊಮೆಟೊವನ್ನು ಬೇರೆ ವರ್ಷ ರಸ್ತೆಗೆ ಸುರಿದು ಬಂದಿದ್ದೇವೆ. ಸುರಿದದ್ದನ್ನು ಯಾರೂ ಲೆಕ್ಕ ಇಡುವುದಿಲ್ಲ ಬಿಡಿ.

ಹಾಗಾಗಿ ನನ್ನ ಉತ್ತರ: 1980ರ ಆಸುಪಾಸು, ಬೋರ್ ಲಾರಿ ಊರಿಗೆ ಬಂದಾಗ. ಮುಂದಿನವರು ಹೇಳಿ.

ಎರೆಹೊಲ_ನವಲಗುಂದ

ನಮ್ಮಲ್ಲಿ ವರ್ಷ ಅಷ್ಟೇ ಅಲ್ಲ, ತಾರೀಖೇ ಇದೆ. 1980, ಜುಲೈ 21. ಆದರೆ ಕಥೆ ಅದಕ್ಕಿಂತ ಎಂಟು ವರ್ಷ ಹಿಂದಿನದು.

ಇಲ್ಲಿ ಹಿಂದೆ ಎಲ್ಲ ಒಣ ಬೇಸಾಯ. ಎರೆ ಭೂಮಿ ಒಮ್ಮೆ ಚೆನ್ನಾಗಿ ನೆನೆದರೆ ಸಾಕು, ಹಿಂಗಾರಿ ಜೋಳ, ಕಡಲೆ, ಕುಸುಬೆ ಆ ಹಸಿಯಲ್ಲೇ ಬರುತ್ತಿದ್ದವು. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಕುಡುಗೋಲು ಬಿದ್ದರೆ ಕೈಗೆ ಸಿಗದಷ್ಟು ಆಳ. 1972ರಲ್ಲಿ ಎರಡು ಒಟ್ಟಿಗೆ ಬಂದವು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಮುಗಿಯಿತು. ಅದೇ ವರ್ಷ ಧಾರವಾಡದಲ್ಲಿ ಡಾ. ಕಟರ್ಕಿ ಅವರು ವರಲಕ್ಷ್ಮಿ ಹತ್ತಿ ಕೊಟ್ಟರು. ಉದ್ದ ಎಳೆ, ಒಳ್ಳೆ ರೇಟು. ಹಿರಿಯರು ಈಗಲೂ "ವರಲಕ್ಷ್ಮಿ ಕಾಲ" ಅಂತ ಹೇಳುವುದುಂಟು. ಹತ್ತಿ ದುಡ್ಡಿನಲ್ಲಿ ಮನೆ ಕಟ್ಟಿದವರಿದ್ದಾರೆ, ಮದುವೆ ಮಾಡಿದವರಿದ್ದಾರೆ.

ದಶಕ ಮುಗಿಯುವ ಹೊತ್ತಿಗೆ ರೇಟು ಬಿತ್ತು. ಕಾಯಿಕೊರಕಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಖರ್ಚು ಏರಿತು. ಆಗಲೇ ಸರ್ಕಾರ ಬೆಟರ್‌ಮೆಂಟ್ ಲೆವಿ ಕೇಳಿತು. ನೀರಾವರಿಯಿಂದ ನಿಮ್ಮ ಭೂಮಿ ಬೆಲೆ ಏರಿದೆ, ಅದಕ್ಕೆ ಕರ ಕಟ್ಟಿ ಅಂತ. ತಮಾಷೆ ಅಂದರೆ ಎಷ್ಟೋ ಹೊಲಕ್ಕೆ ಕಾಲುವೆ ನೀರು ಸರಿಯಾಗಿ ಮುಟ್ಟಿರಲೇ ಇಲ್ಲ. ಕರದ ನೋಟಿಸು ಮಾತ್ರ ಮುಟ್ಟಿತು. ಕಟ್ಟದಿದ್ದರೆ ಪಹಣಿ ಕೊಡುವುದಿಲ್ಲ, ಬೀಜ ಗೊಬ್ಬರ ಇಲ್ಲ ಅಂದರು. ನವಲಗುಂದ, ನರಗುಂದದಲ್ಲಿ ರೈತರು ಎದ್ದರು, ಗೋಲಿಬಾರ್ ಆಯಿತು, ರೈತರೂ ಸತ್ತರು, ಪೊಲೀಸರೂ ಸತ್ತರು. ರಾಜ್ಯದಲ್ಲಿ ರೈತ ಸಂಘ ಅಂತ ಗಟ್ಟಿಯಾಗಿ ಎದ್ದದ್ದು ಆಮೇಲೆಯೇ. ಈಗಲೂ ಜುಲೈ 21ಕ್ಕೆ ಹುತಾತ್ಮ ದಿನ ನಡೆಯುತ್ತದೆ. ಎಲ್ಲ ಪಕ್ಷದವರೂ ಬಂದು ಹಾರ ಹಾಕುತ್ತಾರೆ, ಆಗ ಲೆವಿ ಹಾಕಿದ ಪಕ್ಷದವರೂ ಸೇರಿ.

ಈಗಿನ ಕಷ್ಟ? ಡ್ಯಾಮ್ 37 ಟಿಎಂಸಿಯದ್ದು, ತುಂಬುವುದು ಅಪರೂಪ. ತುಂಬಿದರೆ ಮೊದಲ ಪಾಲು ಹುಬ್ಬಳ್ಳಿ ಧಾರವಾಡದ ಕುಡಿಯುವ ನೀರಿಗೆ. ಅದಕ್ಕೇ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಅನ್ನುವುದು. 2018ರಲ್ಲಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ಹಂಚಿದ್ದು ಕಾಗದದಲ್ಲಿ.

ಹಾಳೆಟೊಪ್ಪಿ_ಸಾಗರ

ಮಲೆನಾಡಿನಲ್ಲಿ ಮಳೆ ಇಲ್ಲ ಅನ್ನುವ ಕಷ್ಟ ಇರಲಿಲ್ಲ. ಮಳೆಯೇ ಕಷ್ಟ. ಆಷಾಢದಲ್ಲಿ ಬಿಡದೆ ಹೊಡೆದರೆ ಅಡಿಕೆಗೆ ಕೊಳೆ. ಎಳೆಕಾಯಿ ಮೇಲೆ ಮೊದಲು ನೀರು ಕುಡಿದ ಕಲೆ ಬರುತ್ತದೆ, ವಾರದಲ್ಲಿ ಬಿಳಿ ಬೂಸ್ಟು, ಆಮೇಲೆ ಮರದಡಿ ಪೂರ್ತಿ ಹಸಿರು ಕಾಯಿ. ಕಾಲಿಟ್ಟರೆ ಜಾರುತ್ತದೆ, ವಾಸನೆ ಬೇರೆ.

ಹಿಂದೆ ಪ್ರತಿ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು, ಮಳೆ ತಾಗದಿರಲಿ ಅಂತ. ಪ್ರತಿ ಮರ ಹತ್ತಬೇಕು, ಪ್ರತಿ ಗೊನೆಗೆ ಕಟ್ಟಬೇಕು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಲು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಈ ಕೊಳೆರೋಗದ ಬೆನ್ನು ಹತ್ತಿದರು. 1910ರ ಹೊತ್ತಿಗೆ ಬೋರ್ಡೋ ದ್ರಾವಣ ಹೊಡೆಯಿರಿ ಅಂತ ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈಗಲೂ ನಾವು ಹೊಡೆಯುವುದು ಅದನ್ನೇ. ನೂರು ವರ್ಷದಲ್ಲಿ ಬದಲಾದದ್ದು ಹೊಡೆಯುವವರ ಕೂಲಿ ಮತ್ತು ಹೊಡೆಯುವವರು ಸಿಗದಿರುವುದು. ಮರ ಹತ್ತುವ ಕೊನೆಗಾರರಿಗೆ ಫೋನ್ ಮಾಡಿ ಮಾಡಿ ಕಾಯಬೇಕು. ಅಷ್ಟರಲ್ಲಿ ಎರಡು ದಿನ ಬಿಸಿಲು ಬಂದು ಹೋಗಿರುತ್ತದೆ. ಕೆಲವರು ಕಾರ್ಬನ್ ಫೈಬರ್ ದೋಟಿ ತಂದುಕೊಂಡಿದ್ದಾರೆ, ನೆಲದ ಮೇಲೆ ನಿಂತೇ ಹೊಡೆಯುತ್ತಾರೆ. ಕುತ್ತಿಗೆ ನೋವು ಉಚಿತ.

ಈಗ ಕೊಳೆಗಿಂತ ಎಲೆಚುಕ್ಕಿ ರೋಗದ ಭಯ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ಎಷ್ಟೋ ತೋಟ ಮೊದಲೇ ಹೋಗಿತ್ತು. ಉಳಿದದ್ದಕ್ಕೆ ಇದು. ಇನ್ನೊಂದು ಕಡೆ ಚನ್ನಗಿರಿ, ದಾವಣಗೆರೆ, ಚಿತ್ರದುರ್ಗದ ಬಯಲಲ್ಲಿ ಎಲ್ಲಿ ನೋಡಿದರೂ ಅಡಿಕೆ ಸಸಿ. ಅವರಿಗೆ ಕೊಳೆ ಇಲ್ಲ, ಬೋರ್ ಇದೆ. ಕೆರೆಕೋಡಿ ಅವರೆ, ನಿಮ್ಮ ಟೊಮೆಟೊ ಕಥೆ ಇನ್ನು ಇಪ್ಪತ್ತು ವರ್ಷಕ್ಕೆ ಅಲ್ಲಿ ಅಡಿಕೆಯಲ್ಲಿ ನಡೆಯುತ್ತದೆ ಅಂತ ನನ್ನ ಅನುಮಾನ.

ಇಷ್ಟೆಲ್ಲ ಹೇಳಿದ್ದು ತೋಟ ಇದ್ದವರ ಮಾತು. ಇದೇ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಜಗಳ ಕೊಳಗದ ಮೇಲೆ. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಆ ಗೇಣಿದಾರರನ್ನು ಕೇಳಿದ್ದರೆ ಕೊಳೆರೋಗ ಕಷ್ಟವೇ ಅಲ್ಲ ಅನ್ನುತ್ತಿದ್ದರು, ಮರವೇ ಅವರದಲ್ಲವಲ್ಲ. 1974ರ ಭೂಸುಧಾರಣೆಯಲ್ಲಿ ಏಳನೇ ನಮೂನೆ ಅರ್ಜಿ ಹಾಕಿದ ಗೇಣಿದಾರರಿಗೆ ಜಮೀನು ಬಂತು. ಹಾಗಾಗಿ ಯಾವ ವರ್ಷದಿಂದ ಕಷ್ಟ ಅಂತ ಕೇಳಿದರೆ ನಮ್ಮಲ್ಲಿ ಒಂದೇ ಊರಿನ ಎರಡು ಕೇರಿ ಎರಡು ಉತ್ತರ ಕೊಡುತ್ತವೆ.

ವೀಕೆಂಡ್_ರೈತ_ಬೆಂಗಳೂರು

ಎಲ್ಲರದ್ದೂ ಓದಿದೆ, ತುಂಬಾ ಮಾಹಿತಿ. ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ನಾನೂ ಮಾಗಡಿ ಕಡೆ ಎರಡೆಕರೆ ತೆಗೆದುಕೊಂಡಿದ್ದೇನೆ. ಒಂದು ಮಾತು ಕೇಳಬಹುದಾ? ಬೆಲೆ ಸಿಗಲಿಲ್ಲ ಅಂತ ರಸ್ತೆಗೆ ಸುರಿಯುವ ಬದಲು ನೇರ ಗ್ರಾಹಕರಿಗೆ ಮಾರಬಹುದಲ್ಲ? ಸಾಸ್ ಮಾಡಬಹುದು, ಒಣಗಿಸಬಹುದು.

ಕೆರೆಕೋಡಿ_ಮುಳಬಾಗಿಲು

ಸರ್, ಬೇಜಾರು ಮಾಡಿಕೊಳ್ಳಬೇಡಿ, ಹೇಳುತ್ತೇನೆ. ಒಂದು ಎಕರೆ ಟೊಮೆಟೊ ಕೊಯ್ಲಿಗೆ ಬಂದಾಗ ಒಂದೊಂದು ಕೊಯ್ಲಿಗೆ ನೂರು ನೂರೈವತ್ತು ಬಾಕ್ಸ್ ಬರುತ್ತದೆ. ಒಂದೂವರೆ ಎರಡು ಟನ್. ಮೂರು ನಾಲ್ಕು ದಿನಕ್ಕೆ ಇನ್ನೊಂದು ಕೊಯ್ಲು. ನಿಮ್ಮ ಅಪಾರ್ಟ್‌ಮೆಂಟಿನವರು ಎಷ್ಟು ಕಿಲೋ ತೆಗೆದುಕೊಳ್ಳುತ್ತಾರೆ? ಸಾಸ್ ಮಾಡುವವರಿಗೆ ನಮ್ಮ ತರಕಾರಿ ಟೊಮೆಟೊ ಬೇಡ, ತಿರುಳು ಜಾಸ್ತಿ ಇರುವ ಬೇರೆ ತಳಿ ಬೇಕು. ಒಣಗಿಸಿದರೆ ಕೊಳ್ಳುವವರು ಯಾರು? ಕೂಲಿ, ಬಾಕ್ಸ್ ಬಾಡಿಗೆ, ಗಾಡಿ, ಕಮಿಷನ್ ಎಲ್ಲ ಕಳೆದು ಬಾಕ್ಸಿಗೆ 40 ರೂಪಾಯಿ ಸಿಗುವ ದಿನ ಕೀಳುವುದೇ ನಷ್ಟ. ಸುರಿಯುವುದು ಸಿಟ್ಟಿಗೆ ಅಂತ ಟಿವಿಯವರು ಅಂದುಕೊಂಡಿದ್ದಾರೆ. ಖಾಲಿ ಬಾಕ್ಸ್ ವಾಪಸ್ ಕೊಡಬೇಕು ಸರ್, ಅದಕ್ಕೆ.

ವೀಕೆಂಡ್_ರೈತ_ಬೆಂಗಳೂರು

ಬಾಕ್ಸ್ ವಿಷಯ ಗೊತ್ತಿರಲಿಲ್ಲ. ಸರಿ, ಕೇಳಿಸಿಕೊಳ್ಳುತ್ತೇನೆ.

ಟೈಲ್‌ಎಂಡ್_ಮಾನ್ವಿ

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ. ಉದ್ದ 227 ಕಿಲೋಮೀಟರ್. ನಾವು ಇರುವುದು ಬಾಲದಲ್ಲಿ. 1953ರಲ್ಲಿ ಡ್ಯಾಮ್ ಮುಗಿದಾಗ ಯೋಜನೆ ಏನಿತ್ತು ಗೊತ್ತಾ? ಬರಪೀಡಿತ ರಾಯಚೂರು ಸೀಮೆಗೆ ಆಸರೆ ನೀರು. ಜಾಸ್ತಿ ಜಾಗದಲ್ಲಿ ಜೋಳ, ಹತ್ತಿ, ಶೇಂಗಾ. ಭತ್ತ ಸ್ವಲ್ಪ ಕಡೆ ಮಾತ್ರ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಸರ್ಕಾರವೇ ಗುರುತು ಹಾಕಿತ್ತು. ಇವತ್ತು ಗಂಗಾವತಿ, ಕಾರಟಗಿ ದಾರಿಯಲ್ಲಿ ಹೋದರೆ ಎರಡೂ ಕಡೆ ಹಸಿರು ಭತ್ತ. ನೋಡಲು ಚೆಂದ. ಅದು ನಮ್ಮ ನೀರು.

ಮೇಲಿನವರು ಎರಡು ಸಲ ಭತ್ತ ಬೆಳೆಯುತ್ತಾರೆ. ಕಾಲುವೆಗೆ ನೇರ ಪೈಪ್ ಇಳಿಸಿ ಪಂಪ್ ಇಡುತ್ತಾರೆ. ನಮ್ಮಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ನೋಡಿಕೊಂಡು ರಾತ್ರಿ ಕಾಲುವೆ ಮೇಲೆ ಮಲಗಬೇಕು. ಮೆಣಸಿನಕಾಯಿ, ಹತ್ತಿಗೆ ಒಂದು ನೀರು ಸಿಕ್ಕಿದ್ದರೆ ಬೆಳೆ ಉಳಿಯುತ್ತಿತ್ತು ಅನ್ನುವ ವಾರದಲ್ಲೇ ಗೇಜ್ ಇಳಿಯುತ್ತದೆ. ರಸ್ತೆ ತಡೆ ಮಾಡಿದರೆ ಎರಡು ದಿನ ನೀರು. ಆಮೇಲೆ ಅದೇ ಕಥೆ.

ಡ್ಯಾಮಿನಲ್ಲೂ ನೀರು ಕಡಿಮೆಯಾಗುತ್ತಿದೆ. ಕಟ್ಟಿದಾಗ 133 ಟಿಎಂಸಿ, ಹೂಳು ತುಂಬಿ ಈಗ 105ರ ಹತ್ತಿರ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನ್ ಕಿತ್ತು ಹೋಯಿತು. ತುಂಬಿದ ಡ್ಯಾಮ್ ಕಣ್ಣೆದುರೇ ಖಾಲಿಯಾಗುತ್ತಿತ್ತು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿತು, ದೇವರು ಮತ್ತೆ ಮಳೆ ಕೊಟ್ಟ. ಆ ವಾರ ನಮ್ಮ ಕಡೆ ಮನೆಮನೆಯಲ್ಲಿ ಫೋನ್ ಹಿಡಿದು ಅದನ್ನೇ ನೋಡುತ್ತಿದ್ದರು. ಬಾಲದವರಿಗೂ ಡ್ಯಾಮಿಗೂ ಅಷ್ಟೇ ಸಂಬಂಧ, ಫೋನಿನಲ್ಲಿ ನೋಡುವುದು.

ಗಂಗಾವತಿ_ಸೋನಾ

ಮಾನ್ವಿ ಅಣ್ಣ, ಸಿಟ್ಟು ನ್ಯಾಯವೇ. ಆದರೆ "ನಮ್ಮ ನೀರು ಕದ್ದರು" ಅನ್ನುವುದು ಒಂದೇ ಕಡೆಯ ಮಾತು. ನಮ್ಮ ತಾತ ಐವತ್ತರ ದಶಕದಲ್ಲಿ ಆಂಧ್ರದ ಕಡೆಯಿಂದ ಬಂದು ವಲಸೆ ಬಂದವರ ಕ್ಯಾಂಪ್‌ನಲ್ಲಿ ನಿಂತಾಗ ಇಲ್ಲಿ ಜಾಲಿ ಮುಳ್ಳು, ಹಾವು. ನೀರು ಬಂದರೂ ನೀರಾವರಿ ಗೊತ್ತಿದ್ದವರು ಕಡಿಮೆ. ಗದ್ದೆ ಸಮ ಮಾಡಿದ್ದು ನಾವು. ಮೊದಲ ಹತ್ತಾರು ವರ್ಷ ಕೆಳಗಿನವರು ಅಷ್ಟು ನೀರು ಕೇಳಲೂ ಇಲ್ಲ, ಕೆಳಗೆ ಕಾಲುವೆ ಪೂರ್ತಿ ಮುಗಿದೂ ಇರಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮೇಲಿನ ಗದ್ದೆಯವನು ಭತ್ತ ಹಾಕಿದ ಅಂತಿಟ್ಟುಕೊಳ್ಳಿ. ಅವನ ಬಸಿನೀರು ಕೆಳಗಿನ ಹೊಲಕ್ಕೆ ಬರುತ್ತದೆ. ಎರೆ ಮಣ್ಣು, ನೀರು ಇಳಿಯುವುದಿಲ್ಲ. ಅಲ್ಲಿ ಜೋಳ ಹಾಕಿದರೆ ಕೊಳೆಯುತ್ತದೆ. ಅವನೂ ಭತ್ತವೇ ಹಾಕಬೇಕು. ಹೀಗೆ ಸಾಲು ಸಾಲಾಗಿ ಭತ್ತ ಆಯಿತು. ಕೊನೆಗೆ ತಗ್ಗಿನ ಹೊಲಗಳಿಗೆ ಸವಳು ಹತ್ತಿ ಭತ್ತವೂ ಬರದ ಹಾಗಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಾಣುತ್ತದೆ. ನಿಮಗೆ ನೀರು ಇಲ್ಲದ ಕಷ್ಟ, ನಮಗೆ ಜಾಸ್ತಿಯಾದ ಕಷ್ಟ.

ಟೈಲ್‌ಎಂಡ್_ಮಾನ್ವಿ

ಹಾಗಾದರೆ ಕಷ್ಟ ಬದಲಾಯಿಸಿಕೊಳ್ಳೋಣ ಬನ್ನಿ ಅಣ್ಣ, ಒಂದು ವರ್ಷಕ್ಕೆ. 🙂

ಬಸಿನೀರಿನ ಮಾತು ಒಪ್ಪುತ್ತೇನೆ. ಪೈಪ್ ಇಳಿಸಿದ್ದು ಬಸಿನೀರಲ್ಲ.

ಆಲೆಮನೆ_ಮಂಡ್ಯ

ಹಾಳೆಟೊಪ್ಪಿ ಅವರೆ, ನಿಮ್ಮ ಕೋಲ್ಮನ್ ನಮ್ಮವರೂ ಹೌದು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂದದ್ದರಲ್ಲಿ ಅವರ ಕೈ ದೊಡ್ಡದು. ಕನ್ನಂಬಾಡಿ ಕಟ್ಟೆ ಆಯಿತು, ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಬಂತು, ಕಬ್ಬು ಬಂತು. ಮಾನ್ವಿಯವರು ಹೇಳಿದ ಗುರುತು ನಮ್ಮಲ್ಲೂ ಇತ್ತು. ಬ್ಲಾಕ್ ಪದ್ಧತಿ. ಜಮೀನು ಮೂರು ಭಾಗ, ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಒಂದರಲ್ಲಿ ರಾಗಿಯಂಥ ಅರೆ ನೀರಾವರಿ ಬೆಳೆ, ವರ್ಷ ವರ್ಷ ಸರದಿ ಬದಲು. ನೀರು ಉಳಿಯಲಿ, ಮಣ್ಣು ಕೆಡದಿರಲಿ ಅಂತ. ಆಗಿನ ರೈತರಿಗೆ ಅದು ಇಷ್ಟ ಇರಲಿಲ್ಲ, 1931–32ರಲ್ಲೇ ನಾಲೆ ರೈತರ ಚಳವಳಿ ಆಗಿತ್ತು. ಅಂದರೆ ನವಲಗುಂದಕ್ಕಿಂತ ಅರ್ಧ ಶತಮಾನ ಮೊದಲು! ಆಮೇಲೆ ಸರದಿ ಹೋಯಿತು, ಎಲ್ಲ ಕಡೆ ಕಬ್ಬು ಭತ್ತ.

ಮೇಲುಕೋಟೆ ಕಡೆ ಒಣ ಭೂಮಿಯವರಿಗೆ ನಾಲೆ ಇಲ್ಲ. ಅವರ ಪಾಲಿಗೆ ದೊಡ್ಡ ಮನುಷ್ಯ ಅಂದರೆ ರಾಗಿ ಲಕ್ಷ್ಮಣಯ್ಯನವರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿ ಹೂವಿಗೆ ಪರಾಗ ಸೇರಿಸುವುದು ಅಂದರೆ ಸಾಸಿವೆಗಿಂತ ಚಿಕ್ಕದರ ಜೊತೆ ಕೆಲಸ. ಇಳುವರಿ ಎಷ್ಟೋ ಪಟ್ಟು ಏರಿತು. ಅವರ ಹೆಸರು ಈಗ ಕಬ್ಬಿನ ಸೀಮೆಯ ಹುಡುಗರಿಗೆ ಗೊತ್ತಿಲ್ಲ.

ನಮ್ಮ ಈಗಿನ ಕಷ್ಟ ಕೇಳಿದರೆ: ಕಬ್ಬು ಕಟಾವಿಗೆ ಪರ್ಮಿಟ್ ಕಾಯಬೇಕು. ಕಾಯುವಾಗ ಕಬ್ಬು ಒಣಗಿ ತೂಕ ಇಳಿಯುತ್ತದೆ. ಒಂದು ಕಾರ್ಖಾನೆಗೆ ಸಾಗಿಸಿದ ಕಬ್ಬಿನ ದುಡ್ಡು ನಮ್ಮ ಮನೆಗೆ ಮುಂದಿನ ಕಬ್ಬು ಬಂದ ಮೇಲೆ ಬಂತು. ಆಮೇಲೆ ಬೆಲ್ಲವೇ ವಾಸಿ ಅಂತ ಆಲೆಮನೆಗೆ ಬಂದೆವು. ಇದೆಲ್ಲ ಇರಲಿ. 2023ರ ಫೆಬ್ರವರಿಯಲ್ಲಿ ಮದ್ದೂರು ಕಡೆಯ ಮದುವೆಯಾಗದ ರೈತ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ನೆನಪಿದೆಯಾ? ಎಲ್ಲರೂ ನಕ್ಕರು. ನೀರು ಇರುವ, ನಾಲೆ ಇರುವ ಮಂಡ್ಯದಲ್ಲಿ ರೈತನಿಗೆ ಹೆಣ್ಣು ಕೊಡುವುದಿಲ್ಲ ಅಂದರೆ ಉಳಿದ ಜಿಲ್ಲೆಗಳ ಗತಿ ಏನು?

ರೇಷ್ಮೆ_ಚನ್ನಪಟ್ಟಣ

ಹೆಣ್ಣು ಕೊಡುವುದಿಲ್ಲ ಅಂದಿರಲ್ಲ ಅಣ್ಣ, ಯಾಕೆ ಅಂತ ಹೆಣ್ಣಿನ ಕಡೆಯಿಂದ ಹೇಳುತ್ತೇನೆ ಕೇಳಿ.

ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಹುಳು ಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ಜೋರು, ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಹುಳು ಹಣ್ಣಾದ ದಿನ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ತಡವಾದರೆ ಗೂಡು ಹಾಳು. ಮೈ ಮೇಲೆ ಕಪ್ಪು ಚುಕ್ಕೆ ಕಂಡರೆ ಊಜಿ ನೊಣ ಮೊಟ್ಟೆ ಇಟ್ಟಿದೆ ಅಂತ ಅರ್ಥ. ಆ ಹುಳ ಹೋಯಿತು. ಈ ನೊಣ ನಮ್ಮ ಕಡೆ ಇರಲೇ ಇಲ್ಲ. 1980ರಲ್ಲಿ ಬಂಗಾಳದಿಂದ ಗೂಡಿನ ಜೊತೆ ಬಂತು. ಈಗ ಎಲ್ಲ ಹುಳು ಮನೆಗೂ ಸೊಳ್ಳೆ ಪರದೆ. 2011ರಲ್ಲಿ ಕೇಂದ್ರ ಹೊರಗಿನ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು. ಚೀನಾ ರೇಷ್ಮೆ ಬಂತು, ರಾಮನಗರ ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ನೆಲ ಕಚ್ಚಿತು. ನೊಣಕ್ಕೆ ಪರದೆ ಕಟ್ಟಬಹುದು, ಇದಕ್ಕೆ ಏನು ಕಟ್ಟುವುದು?

ಈ ಕೆಲಸದಲ್ಲಿ ಮುಕ್ಕಾಲು ಪಾಲು ಮಾಡುವವರು ಹೆಂಗಸರು. ಪಹಣಿ ಯಾರ ಹೆಸರಲ್ಲಿ? ನಮ್ಮ ಮನೆಯಲ್ಲಿ ಮಾವನ ಹೆಸರಲ್ಲಿ. ಮಾವ ತೀರಿಕೊಂಡಿದ್ದಾರೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಇನ್ನೂ ಆಗಿಲ್ಲ, ಅಣ್ಣ ತಮ್ಮಂದಿರಿಗೆ ಹೊಂದಾಣಿಕೆ ಇಲ್ಲ. ಬೆಳೆ ಸಾಲ ಪಹಣಿಗೆ, ಪರಿಹಾರ ಪಹಣಿಗೆ, ಪಿಎಂ ಕಿಸಾನ್ ಪಹಣಿಗೆ, ರೈತರ ನೋಂದಣಿಯ ಫ್ರೂಟ್ಸ್ ನಂಬರ್ ಪಹಣಿಗೆ. ಸರ್ಕಾರದ ಲೆಕ್ಕದಲ್ಲಿ ನಮ್ಮ ಮನೆಯ ರೈತ ಅಂದರೆ ಸತ್ತವರು. ನಾನು ಸಾಲ ತಂದದ್ದು ಸಂಘದಲ್ಲಿ. ವಾರ ಬಂದರೆ ಕಂತು ಕಟ್ಟಬೇಕು, ಹುಳು ಹಣ್ಣಾಗಲಿ ಬಿಡಲಿ. ಮೊದಲಿನ ಕಷ್ಟ, ಈಗಿನ ಕಷ್ಟ ಅಂತ ನೀವೆಲ್ಲ ವರ್ಷ ಹಾಕುತ್ತಿದ್ದೀರಿ. ನಮ್ಮ ಅತ್ತೆಗೂ ಇದೇ ಇತ್ತು, ಅವರ ಅತ್ತೆಗೂ.

ಮೇಷ್ಟ್ರು_ಶಿರಾ

ಅಕ್ಕ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಉಳಿದವರಿಗೆ ಸ್ವಲ್ಪ ಹಿಂದಿನ ವಿಷಯ ಹೇಳುತ್ತೇನೆ, "ಮೊದಲು ಚೆನ್ನಾಗಿತ್ತು" ಅನ್ನುವ ಗಾಳಿ ಬೀಸುವ ಮುಂಚೆ.

1876–78ರ ಧಾತು, ಈಶ್ವರ ಸಂವತ್ಸರದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ. 1881ರಲ್ಲಿ 42 ಲಕ್ಷ. ರೈಲು ಆಗ ಮದ್ರಾಸಿನಿಂದ ಬೆಂಗಳೂರಿನವರೆಗೆ ಮಾತ್ರ. ಕಾಳು ಬೆಂಗಳೂರು ಸ್ಟೇಷನ್ನಿಗೆ ಬಂದರೂ ಶಿರಾ, ಪಾವಗಡಕ್ಕೆ ತರುವುದು ಹೇಗೆ? ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸ ಶುರುವಾದದ್ದೇ ಬರದ ಕಾಮಗಾರಿಯಾಗಿ.

ಅದಕ್ಕೂ ಮೊದಲು ಬರಕ್ಕೆ ಇದ್ದ ವಿಮೆ ಅಂದರೆ ಹಗೇವು. ಬಾಯಿ ಚಿಕ್ಕದು, ಒಳಗೆ ಅಗಲವಾದ ಗುಂಡಿ, ಗೋಡೆಗೆ ಹುಲ್ಲು, ಒಳಗೆ ರಾಗಿ, ಮೇಲೆ ಮಣ್ಣು ಮುಚ್ಚಿಬಿಡುವುದು. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ತಕ್ಷಣ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ, ಆರಲಿಲ್ಲ ಅಂದರೆ ಮನುಷ್ಯ ಇಳಿಯುವುದು. ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ಒಂದು ಹಗೇವು ಉಳಿದಿತ್ತು, ಅದರಲ್ಲಿ ಕಸ ಹಾಕುತ್ತಿದ್ದರು.

ಇನ್ನು ಒಂದು ಗಮನಿಸಿದಿರಾ? ಕಷ್ಟ ಶುರುವಾದ ವರ್ಷ ಅಂತ ಇಲ್ಲಿ ಹೆಚ್ಚಿನವರು ಹಾಕಿದ್ದು ಏನೋ ಒಳ್ಳೆಯದು ಬಂದ ವರ್ಷವನ್ನೇ. ಬೋರ್ ಬಂದ ವರ್ಷ, ವರಲಕ್ಷ್ಮಿ ಬಂದ ವರ್ಷ, ಡ್ಯಾಮ್ ಮುಗಿದ ವರ್ಷ.

ಕೆರೆಕೋಡಿ_ಮುಳಬಾಗಿಲು

ಮೇಷ್ಟ್ರೇ, ಹಾಗಂತ ಬೋರ್ ಕೊರೆಸಬಾರದಿತ್ತು ಅಂತೀರಾ? ಕೊರೆಸದಿದ್ದರೆ ನಾನು ಬೆಂಗಳೂರಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿರುತ್ತಿದ್ದೆ.

ಮೇಷ್ಟ್ರು_ಶಿರಾ

ಕೊರೆಸಬೇಕಿತ್ತು. ಆದರೆ ನಿಮ್ಮ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಬೋರಿಗೆ ಯಾರಿದ್ದರು?

ವೀಕೆಂಡ್_ರೈತ_ಬೆಂಗಳೂರು

ನೀರುಗಂಟಿ ಅಂದರೆ ಯಾರು?

ಕೆರೆಕೋಡಿ_ಮುಳಬಾಗಿಲು

ಕೆರೆಯ ತೂಬು ತೆಗೆಯುವವರು, ಮುಚ್ಚುವವರು ಸರ್. ಈ ವರ್ಷ ಕೆರೆಯಲ್ಲಿ ಇಷ್ಟೇ ನೀರಿದೆ, ಇಷ್ಟೇ ಗದ್ದೆಗೆ ನಾಟಿ, ಉಳಿದವರು ರಾಗಿ ಹಾಕಿ ಅಂತ ಊರು ಕೂತು ತೀರ್ಮಾನ ಮಾಡುತ್ತಿತ್ತು. ತೀರ್ಮಾನ ಆದ ಮೇಲೆ ಯಾವ ಗದ್ದೆಗೆ ಯಾವಾಗ ನೀರು ಅನ್ನುವುದು ನೀರುಗಂಟಿಯ ಕೈಯಲ್ಲಿ. ಗೌಡರ ಗದ್ದೆಯಾದರೂ ಸರದಿ ಮೀರಿ ಬಿಡುವ ಹಾಗಿಲ್ಲ. ಅವರಿಗೆ ಕೂಲಿ ಅಂತ ಸುಗ್ಗಿಯಲ್ಲಿ ಕಣದಿಂದ ಕಾಳು. ಎಲ್ಲ ಊರಲ್ಲೂ ಅಷ್ಟು ನ್ಯಾಯವಾಗಿ ನಡೆಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ನೀರುಗಂಟಿಯ ಜಾತಿಯವರಿಗೆ ಗದ್ದೆಯೇ ಇರುತ್ತಿರಲಿಲ್ಲ ಎಷ್ಟೋ ಕಡೆ. ನೀರು ಹಂಚುವವನಿಗೆ ನೀರಿನ ಆಸೆ ಇರಬಾರದು ಅಂತ ಅದಕ್ಕೆ ಕಾರಣವನ್ನೂ ಹೇಳುತ್ತಿದ್ದರು. ಅನುಕೂಲದ ಕಾರಣ.

ಬೋರಿಗೆ ಮಾತ್ರ ಊರು ಕೂರಲಿಲ್ಲ. ಪಕ್ಕದವನು 600 ಅಡಿ ಹೋದರೆ ನಾನು 800. ಈಗ 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಸುತ್ತ ಬೋರಿನಲ್ಲಿ ನೀರು ಮೇಲೆ ಬಂದಿದೆ, ಸುಳ್ಳು ಹೇಳಬಾರದು. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅನ್ನುವ ಜಗಳವೂ ಇದೆ, ಅದೂ ಸರಿ. ಆದರೆ ನೀರು ಮೇಲೆ ಬಂದ ತಕ್ಷಣ ನಮ್ಮವರು ಮಾಡಿದ್ದೇನು? ಇನ್ನೊಂದೆಕರೆ ಟೊಮೆಟೊ.

ಟೈಲ್‌ಎಂಡ್_ಮಾನ್ವಿ

227 ಕಿಲೋಮೀಟರಿಗೆ ಎಷ್ಟು ನೀರುಗಂಟಿ ಬೇಕು ಮೇಷ್ಟ್ರೇ? ನಮ್ಮ ಕಾಲುವೆಗೂ ಗ್ಯಾಂಗ್‌ಮನ್‌ಗಳು ಇದ್ದಾರೆ. ಒಬ್ಬೊಬ್ಬರಿಗೆ ಎಷ್ಟೋ ಮೈಲಿ. ಪೈಪ್ ಇಟ್ಟವರನ್ನು ಕೇಳಲು ಹೋದರೆ ಒದೆ ಬೀಳುತ್ತದೆ. ಇಂಜಿನಿಯರ್ ಪೊಲೀಸರನ್ನು ಕರೆಯಬೇಕು, ಪೊಲೀಸರು ಮೇಲಿನಿಂದ ಫೋನ್ ಬಂದರೆ ವಾಪಸ್. ನೀರು ಬಳಕೆದಾರರ ಸಂಘ ಅಂತಲೂ ಮಾಡಿದರು. ನಮ್ಮ ಕಡೆಯ ಸಂಘಕ್ಕೆ ಆಫೀಸಿದೆ, ಬೋರ್ಡಿದೆ. ಹಂಚಲು ನೀರಿಲ್ಲ.

ಗಂಗಾವತಿ_ಸೋನಾ

ಈ ಸಲ ನಾನು ಏನೂ ಹೇಳುವುದಿಲ್ಲ.

ತೊಗರಿ_ಆಳಂದ

ಇಷ್ಟು ಹೊತ್ತು ಎಲ್ಲರೂ ನೀರಿನ ಜಗಳ ಮಾಡಿದಿರಿ. ನಮ್ಮದು ಮಳೆಯ ಬೆಳೆ, ಜಗಳಕ್ಕೂ ನೀರಿಲ್ಲ.

ಕಲಬುರಗಿ ತೊಗರಿ ಕಣಜ ಅಂತ ಹೆಸರು. 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ನಮ್ಮ ಅಜ್ಜಿ ಎಪ್ಪತ್ತೆರಡರ ಬರ ನೆನೆಸಿಕೊಂಡರೆ ಕಲ್ಲು ಒಡೆದದ್ದು, ಹೊರದೇಶದ ಕೆಂಪು ಜೋಳದ ರೊಟ್ಟಿ ತಿಂದದ್ದು ಹೇಳುತ್ತಿದ್ದರು. ಗುಳೆ ಆಗಲೂ ಇತ್ತು, ಈಗಲೂ ಇದೆ. ಪುಣೆ, ಮುಂಬೈ, ಹೈದರಾಬಾದ್. ಆಗ ಹೊಟ್ಟೆಗೆ ಹೋಗುತ್ತಿದ್ದರು, ಈಗ ಸಾಲದ ಬಡ್ಡಿಗೆ ಹೋಗುತ್ತಾರೆ.

ಹಿಂದೆ ನಮ್ಮಲ್ಲಿ ಒಂದೇ ಹೊಲದಲ್ಲಿ ಅಕ್ಕಡಿ ಸಾಲು. ತೊಗರಿ ಜೊತೆ ಜೋಳ, ಸಜ್ಜೆ, ಹೆಸರು, ಪುಂಡಿ. ಒಂದು ಹೋದರೆ ಇನ್ನೊಂದು. ಈಗ ಎಲ್ಲಿ ನೋಡಿದರೂ ತೊಗರಿ ಒಂದೇ, ವರ್ಷ ಬಿಟ್ಟು ವರ್ಷವಲ್ಲ, ಪ್ರತಿ ವರ್ಷ. 2022–23ರಲ್ಲಿ ಮೊದಲು ಮಳೆ ಜಾಸ್ತಿಯಾಗಿ ಬೇರು ಕೆಟ್ಟಿತು, ಆಮೇಲೆ ಒಣ ಹವೆ. ಹೂವು, ಮಿಡಿ ಬಿಟ್ಟು ನಿಂತ ಗಿಡ ನಿಂತ ಹಾಗೆಯೇ ಒಣಗಿತು. ನಾವು ನೆಟೆ ಅನ್ನುತ್ತೇವೆ. ಹೊಲಕ್ಕೆ ಹೋಗಿ ಗಿಡ ಎಳೆದರೆ ಸಲೀಸಾಗಿ ಕೈಗೆ ಬರುತ್ತಿತ್ತು. ಸರ್ಕಾರ ಹೆಕ್ಟೇರಿಗೆ 10 ಸಾವಿರ ಪರಿಹಾರ ಅಂತ ಹೇಳಿತು. ಬೆಳೆ ಚೆನ್ನಾಗಿ ಬಂದ ವರ್ಷ ಏನು? 2021ರಲ್ಲಿ ಹೊರಗಿನ ತೊಗರಿ ತರಿಸುವುದಕ್ಕೆ ಇದ್ದ ಮಿತಿ ತೆಗೆದರು. ಆಫ್ರಿಕಾ, ಮ್ಯಾನ್ಮಾರ್ ತೊಗರಿ ಬಂದರಿಗೆ ಬಂತು ಅಂದರೆ ಸಾಕು, ಕಲಬುರಗಿ ಮಾರ್ಕೆಟ್ ಇಳಿಯುತ್ತದೆ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 8 ಸಾವಿರ ಇತ್ತು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣವರು ಅಡತಿಗೆ (ದಲ್ಲಾಳಿ ಅಂಗಡಿಗೆ) ಮಾರಿ ಮುಗಿಸಿರುತ್ತಾರೆ. ಕಣದಿಂದ ನೇರ ಹೋಗುವುದೇ ಅಡತಿಗೆ, ಬೀಜ ಗೊಬ್ಬರದ ಸಾಲ ಅವರದೇ.

ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ನಮ್ಮ ಒಳ್ಳೆಯ ವರ್ಷ ಯಾವುದು ಅಂತ ಹುಡುಕಿದೆ. ಸಿಗಲಿಲ್ಲ.

ಇರಲಿ, ಇಷ್ಟು ತಿಳಿದವರು ಇದ್ದೀರಿ, ಒಂದು ಕೆಲಸದ ಮಾತು ಕೇಳುತ್ತೇನೆ. ಕಳೆದ ಸಲ ನೆಟೆ ಬಂದ ಹೊಲಕ್ಕೇ ಈ ಮುಂಗಾರಿಗೂ ತೊಗರಿ ಹಾಕಬೇಕಾಗಿದೆ. ಬೇರೆ ಹಾಕು ಅಂದರೆ ಮನೆಯಲ್ಲಿ ಒಪ್ಪುತ್ತಿಲ್ಲ. ಏನು ಮಾಡಲಿ?

ಎರೆಹೊಲ_ನವಲಗುಂದ

ಅಣ್ಣಾರೆ, ಸಾಧ್ಯವಾದರೆ ಆ ತುಂಡಿಗೆ ಎರಡು ವರ್ಷವಾದರೂ ಜೋಳ ಹಾಕಿಸಿ. ರೋಗ ಮಣ್ಣಿನಲ್ಲೇ ಕೂತಿರುತ್ತದೆ. ಮನೆಯವರು ಒಪ್ಪದಿದ್ದರೆ ಕೊನೇಪಕ್ಷ ಸಾಲು ಬಿಟ್ಟು ಜೋಳ ಸೇರಿಸಿ, ನಿಮ್ಮ ಹಳೇ ಅಕ್ಕಡಿಯ ಹಾಗೆ. ಬೀಜ ಹೋದ ವರ್ಷದ ಮನೆ ಬೀಜ ಬೇಡ. ಕೃಷಿ ವಿಶ್ವವಿದ್ಯಾಲಯದ ನೆಟೆ ತಡೆಯುವ ತಳಿ ಕೇಳಿ ತನ್ನಿ, ನಿಮ್ಮ ಕಡೆ ಟಿಎಸ್-3ಆರ್, ಜಿಆರ್‌ಜಿ-811 ಸಿಗುತ್ತದೆ. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ ನೆರಳಲ್ಲಿ ಆರಿಸಿ. ತಗ್ಗಿನಲ್ಲಿ ನೀರು ನಿಲ್ಲುತ್ತದಾ?

ತೊಗರಿ_ಆಳಂದ

ಒಂದು ಮೂಲೆಯಲ್ಲಿ ನಿಲ್ಲುತ್ತದೆ. ನೆಟೆ ಶುರುವಾದದ್ದೂ ಅಲ್ಲಿಂದಲೇ.

ಎರೆಹೊಲ_ನವಲಗುಂದ

ಹಾಗಾದರೆ ಮೊದಲು ಆ ಮೂಲೆಗೆ ಬಸಿಗಾಲುವೆ ತೆಗೆಸಿ, ಬೀಜದ ಮಾತು ಆಮೇಲೆ. ಫೋಟೋ ಇದ್ದರೆ ಹಾಕಿ, ಇಳಿಜಾರು ಯಾವ ಕಡೆ ಅಂತ ನೋಡೋಣ.